ಓಡಿಹೋದ ಹುಡುಗನ ವಿದ್ಯಾಭ್ಯಾಸ: ರಂಗಜಂಗಮ ಬಿ.ವಿ. ಕಾರಂತರ ಜೀವನ



ಏಪ್ರಿಲ್ ತಿಂಗಳು ಬಂತೆಂದರೆ ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಮಾತು. ಇಂಟರ್‌ಮೀಡಿಯೆಟ್ ಫಲಿತಾಂಶ ಎಂದು, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಯಾವಾಗ, ಯಾವ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕೀತು. ಈ ವರ್ಷ ನಮ್ಮ ಪರಿಚಯದ ಒಂದು ಮನೆಯಲ್ಲಿ ಈ ಮಾತುಕತೆಯ ನಡುವೆ ಮಗಳು ತಾನು ನಾಟಕ ಮತ್ತು ಸಿನಿಮಾ ವಿಷಯದಲ್ಲಿ ಪದವಿ ಓದುವುದಾಗಿ ಹೇಳಿಬಿಟ್ಟಳು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ. ಸಂಘದ ವಾರ್ಷಿಕ ನಾಟಕದಲ್ಲಿ ಪ್ರತಿ ವರ್ಷ ಬಣ್ಣ ಹಚ್ಚುವವನೆಂಬ ಕಾರಣಕ್ಕೆ ಹುಡುಗಿಯ ತಂದೆಯವರು ನನ್ನನ್ನು ಹುಡುಕಿಕೊಂಡು ಬಂದರು. ಅವಳಿಗೆ ಬುದ್ಧಿ ಹೇಳಬೇಕೆಂಬುದು ಅವರ ಅಪೇಕ್ಷೆ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಅದರ ಬದಲು ಅವರಿಗೆ ಬಾಬುಕೋಡಿ ವೆಂಕಟರಮಣ ಕಾರಂತರ ಕಥೆಯನ್ನು ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಕಾರಂತರು ಜನಿಸಿದ್ದು 1929ರಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ. ಮನೆತನ ಸ್ಥಿತಿವಂತರದಲ್ಲ. ಆದರೆ ಅದು ಯಕ್ಷಗಾನದ ಸೀಮೆ. ಗದ್ದೆಯ ಕೊಯ್ಲು ಮುಗಿದ ಮೇಲೆ ರಾತ್ರಿಯಿಡೀ ಚೆಂಡೆ ಮದ್ದಳೆಗಳ ದನಿ ಕೇಳುವ ಊರು. ಅಲ್ಲಿನ ಮಕ್ಕಳಿಗೆ ತಾಳ ಎನ್ನುವುದು ಪಾಠವಾಗಿ ಬರುವುದಿಲ್ಲ, ನಿದ್ದೆಗಣ್ಣಿನಲ್ಲಿಯೇ ಮೈಗೆ ಹತ್ತಿಬಿಡುತ್ತದೆ. ಮೂರನೆಯ ತರಗತಿಯಲ್ಲಿರುವಾಗ ಪಿ.ಕೆ. ನಾರಾಯಣ ಎಂಬವರು ಆಡಿಸಿದ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಕಾರಂತರು ಪಾತ್ರ ವಹಿಸಿದರು. ಶಾಲೆಯ ಒಂದು ಸಣ್ಣ ನಾಟಕ ಒಬ್ಬ ಬಾಲಕನ ಬಾಳನ್ನು ಇಷ್ಟು ದೂರ ಎಳೆದೊಯ್ಯಬಹುದೆಂದು ಆಗ ಯಾರೂ ಊಹಿಸಿರಲಾರರು.

ಹದಿಹರೆಯದಲ್ಲಿ ಕಾರಂತರು ಮನೆ ಬಿಟ್ಟು ಓಡಿಹೋದರು. ಸೇರಿದ್ದು ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವನ್ನು, ಎಂದರೆ ಗುಬ್ಬಿ ವೀರಣ್ಣನವರ ಕಂಪನಿಯನ್ನು. ನಾಟಕ ಕಲಿಯಲು ಪಾಠಶಾಲೆಗಳಿಲ್ಲದ ಆ ದಿನಗಳಲ್ಲಿ ಕಂಪನಿಯೇ ವಿಶ್ವವಿದ್ಯಾಲಯವಾಗಿತ್ತು. ಬೆಳಗ್ಗೆ ತಾಲೀಮು, ಮಧ್ಯಾಹ್ನ ಹಾರ್ಮೋನಿಯಂ ಮುಂದೆ ಹಾಡಿನ ಅಭ್ಯಾಸ, ರಾತ್ರಿ ಆಟ. ಒಂದು ಕ್ಯಾಂಪು ಮುಗಿದರೆ ಪರದೆ ಸುತ್ತಿ ಪೆಟ್ಟಿಗೆ ಕಟ್ಟಿ ಮುಂದಿನ ಊರಿಗೆ ಪಯಣ. ಮುಂದೆ ವರನಟರಾದ ಡಾ. ರಾಜಕುಮಾರ್ ಅವರೂ ಅದೇ ಕಂಪನಿಯ ಅನ್ನ ಉಂಡವರು. ಕಾರಂತರು ಅವರ ಜೊತೆಯಲ್ಲಿ ದುಡಿದವರು. ಪಾತ್ರ ಮಾಡುವವನೇ ಪರದೆ ಎಳೆಯುವುದು, ಹಾಡುವವನೇ ಸಾಮಾನು ಹೊರುವುದು ಕಂಪನಿಯಲ್ಲಿ ಸಾಮಾನ್ಯ ಸಂಗತಿ. ರಂಗಭೂಮಿಯಲ್ಲಿ ಮೇಲು ಕೆಲಸ ಕೀಳು ಕೆಲಸ ಎಂಬುದಿಲ್ಲವೆಂಬ ಪಾಠ ಅಲ್ಲಿ ದುಡಿಮೆಯಿಂದಲೇ ಬಂತು.

ಈ ಕಥೆಯಲ್ಲಿ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುವ ಘಟ್ಟ ಇದರ ನಂತರದ್ದು. ಗುಬ್ಬಿ ವೀರಣ್ಣನವರು ಸ್ವತಃ ಶಾಲೆಯಲ್ಲಿ ಹೆಚ್ಚು ಕಲಿತವರಲ್ಲ. ಎಳೆಯ ವಯಸ್ಸಿನಲ್ಲಿಯೇ ರಂಗವೇರಿದವರು. ತಮ್ಮ ಕಂಪನಿಯಲ್ಲಿ ಬೆಳೆಯುತ್ತಿದ್ದ ಚುರುಕು ಹುಡುಗನನ್ನು ತಮ್ಮಲ್ಲಿಯೇ ಉಳಿಸಿಕೊಂಡಿದ್ದರೆ ಕಂಪನಿಗೆ ಲಾಭವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಉನ್ನತ ವ್ಯಾಸಂಗಕ್ಕಾಗಿ ಕಾರಂತರನ್ನು ಬನಾರಸಿಗೆ ಕಳುಹಿಸಿದರು. ಮನೆಯಿಂದ ಓಡಿಹೋಗಿ ನಾಟಕದವರನ್ನು ಸೇರಿದ ಹುಡುಗನನ್ನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿಸಿದವರು ನಾಟಕದವರೇ. ನಾಟಕದ ಸಹವಾಸದಿಂದ ಓದು ಕೆಡುತ್ತದೆ ಎಂದು ನಮ್ಮ ಹಿರಿಯರು ಎಷ್ಟು ಸಲ ಹೇಳಿಲ್ಲ! ಕಾರಂತರ ಪಾಲಿಗೆ ಸಂಗತಿ ತಿರುವುಮುರುವಾಗಿತ್ತು.

ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅವರು ಎಂ.ಎ. ಪದವಿ ಪಡೆದರು. ಅದರ ಜೊತೆಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ಥಾನಿ ಸಂಗೀತದ ಶಿಕ್ಷಣವೂ ಆಯಿತು. ಕರಾವಳಿಯ ಚೆಂಡೆ, ಕಂಪನಿಯ ಹಾರ್ಮೋನಿಯಂ, ಈಗ ಗಂಗಾತೀರದ ರಾಗಸಂಗೀತ. ಮುಂದೆ ಕಾರಂತರ ರಂಗಸಂಗೀತವೆಂದು ದೇಶವೆಲ್ಲ ಗುರುತಿಸಿದ ನಾದದ ಬೇರುಗಳು ಈ ಮೂರು ಕಡೆಗಳಲ್ಲಿವೆ. ಹಿಂದಿ ಭಾಷೆಯ ಮೇಲೆ ಬನಾರಸ್ ಕೊಟ್ಟ ಹಿಡಿತವಂತೂ ಅವರನ್ನು ಅಖಿಲ ಭಾರತದ ರಂಗಕರ್ಮಿಯಾಗಿಸಿತು. ಗಿರೀಶ ಕಾರ್ನಾಡರ ‘ಹಯವದನ’ವನ್ನು ಹಿಂದಿಗೆ ತಂದವರು ಕಾರಂತರೇ.

ಅಲ್ಲಿಂದ ದೆಹಲಿ. ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಆಶ್ರಯದಲ್ಲಿ ಆರಂಭವಾಗಿತ್ತು. ಕಾರಂತರು ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿ 1962ರಲ್ಲಿ ತೇರ್ಗಡೆಯಾದರು. ಇಲ್ಲಿ ಒಂದು ಮಾತನ್ನು ಪೋಷಕರು ಗಮನಿಸಬೇಕು. ಆ ಶಾಲೆ ಪ್ರವೇಶ ಕೊಡುವುದು ಪದವೀಧರರಿಗೆ, ಅದೂ ನಾಟಕಗಳಲ್ಲಿ ದುಡಿದ ಅನುಭವವಿರುವ ಪದವೀಧರರಿಗೆ. ಎಂದರೆ ಮೊದಲು ಬೇರೆಲ್ಲಿಯೋ ಓದಿ, ಬೇರೆಲ್ಲಿಯೋ ಬಣ್ಣ ಹಚ್ಚಿ, ಅನಂತರ ಅಲ್ಲಿಗೆ ಹೋಗಬೇಕು. ಇಂಟರ್ ಮುಗಿಸಿದ ಕೂಡಲೇ ನಾಟಕವನ್ನು ಪದವಿ ವಿಷಯವಾಗಿ ಓದಬೇಕೆನ್ನುವವರಿಗೆ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಂತಹ ಕೆಲವೇ ಸ್ಥಳಗಳು ನಮ್ಮ ದೇಶದಲ್ಲಿ ಬಹುಕಾಲದಿಂದ ಇವೆ. ನಮ್ಮ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸರೋಜಿನಿ ನಾಯ್ಡು ಅವರ ಹೆಸರಿನ ಕಲಾಶಾಲೆ 1988ರಲ್ಲಿ ಆರಂಭವಾಯಿತು. ಅಲ್ಲಿನ ರಂಗಕಲೆ ಸ್ನಾತಕೋತ್ತರ ವ್ಯಾಸಂಗ. ಮೊದಲು ಅದು ಇದ್ದದ್ದು ಅಬಿಡ್ಸ್ ಬಳಿಯ ಗೋಲ್ಡನ್ ಥ್ರೆಷೋಲ್ಡ್ ಎಂಬ ಅವರ ಹಳೆಯ ಮನೆಯಲ್ಲಿ.

ಸ್ವಂತದ ಮಾತನ್ನು ಒಂದಿಷ್ಟು ಹೇಳಲು ಅನುಮತಿ ಕೋರುತ್ತೇನೆ. 1991ರಲ್ಲಿ ನಾನು ರಾಯಚೂರಿನಲ್ಲಿ ಬಿ.ಎ. ಮುಗಿಸಿದೆ. ಗೋಲ್ಡನ್ ಥ್ರೆಷೋಲ್ಡಿನ ಆ ವಿಭಾಗದ ಸುದ್ದಿ ನನಗೆ ತಿಳಿದಿತ್ತು; ಅರ್ಜಿಯನ್ನೂ ತರಿಸಿಕೊಂಡಿದ್ದೆ. ತಂದೆಯವರು ಬ್ಯಾಂಕಿಂಗ್ ನೇಮಕಾತಿ ಮಂಡಳಿಯ ಅರ್ಜಿಯನ್ನು ಅದರ ಪಕ್ಕದಲ್ಲಿಟ್ಟರು. ಯಾವುದನ್ನು ತುಂಬಬೇಕೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನು ಬ್ಯಾಂಕಿನ ಅರ್ಜಿಯನ್ನು ತುಂಬಿದೆ. ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದ ಮೇಲೆ ಹಲವು ವರ್ಷ ಸಂಜೆ ಅದೇ ಕಟ್ಟಡದ ಮುಂದಿನಿಂದ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ತಂದೆಯವರ ಮೇಲೆ ನನಗೆ ಅಸಮಾಧಾನವಿಲ್ಲ. ಆ ಸಂಬಳದಿಂದ ಇಬ್ಬರು ತಂಗಿಯರ ಮದುವೆಯಾಯಿತು. ಆದರೂ ಬಸ್ಸಿನ ಕಿಟಕಿಯಿಂದ ಆ ಗೇಟನ್ನು ನೋಡದೆ ಹೋದ ಸಂಜೆ ನೆನಪಿಲ್ಲ. ಹುಡುಗಿಗೆ ಬುದ್ಧಿ ಹೇಳಲು ನನಗೆ ಯೋಗ್ಯತೆಯಿಲ್ಲವೆಂದು ಮೊದಲೇ ಬರೆದದ್ದು ಇದೇ ಕಾರಣದಿಂದ.

ಇನ್ನು ಕಾರಂತರ ಕಡೆಗೆ. ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಅವರು ಮಕ್ಕಳಿಗೆ ನಾಟಕ ಕಲಿಸುವ ಅಧ್ಯಾಪಕರಾದರು. ನಾಟಕ ಶಾಲೆಯಿಂದ ಹೊರಬಂದವರಿಗೆ ಶಾಲಾ ಮಕ್ಕಳ ಅಧ್ಯಾಪನ ಸಣ್ಣ ಕೆಲಸವೆಂದು ತೋರಬಹುದಿತ್ತು. ಕಾರಂತರಿಗೆ ಅದು ಜೀವನದುದ್ದಕ್ಕೂ ಬಿಡದ ಒಲವಾಯಿತು. ‘ಪಂಜರಶಾಲೆ’, ‘ನೀಲಿ ಕುದುರೆ’, ‘ಹೆಡ್ಡಾಯಣ’, ‘ಅಳಿಲು ರಾಮಾಯಣ’ ಮುಂತಾದ ಮಕ್ಕಳ ನಾಟಕಗಳು ಕರ್ನಾಟಕದ ಊರೂರುಗಳಲ್ಲಿ ಬೇಸಿಗೆ ಶಿಬಿರಗಳ ಸಂಪ್ರದಾಯಕ್ಕೆ ಬಲ ತಂದವು. ಇವುಗಳಲ್ಲಿ ‘ಪಂಜರಶಾಲೆ’ ರವೀಂದ್ರನಾಥ ಠಾಕೂರರ ಕಥೆಯನ್ನು ಆಧರಿಸಿದ್ದು. ಹಾಡಿಕೊಂಡು ಹಾರಿಕೊಂಡು ಇದ್ದ ಗಿಳಿಗೆ ವಿದ್ಯೆ ಕಲಿಸಲು ರಾಜನು ಚಿನ್ನದ ಪಂಜರ ಮಾಡಿಸುತ್ತಾನೆ. ಪಂಡಿತರು ಪುಸ್ತಕದ ಹಾಳೆಗಳನ್ನು ಹರಿದು ಅದರ ಬಾಯಿಗೆ ತುರುಕುತ್ತಾರೆ. ಮೇಲ್ವಿಚಾರಕರು, ಕಾವಲುಗಾರರು, ಅಕ್ಕಸಾಲಿಗರು ಎಲ್ಲರೂ ಸಂಬಳ ಪಡೆದು ಸುಖವಾಗಿರುತ್ತಾರೆ. ಗಿಳಿ ಮಾತ್ರ ಸಾಯುತ್ತದೆ. ನಮ್ಮ ನಗರದ ಕೋಚಿಂಗ್ ಹಾಸ್ಟೆಲುಗಳ ಮುಂದೆ ನಡೆದುಹೋಗುವಾಗ ಈ ನಾಟಕ ನೆನಪಾಗದೆ ಇರುವುದು ಕಷ್ಟ.

1970ರ ದಶಕದ ಆರಂಭದಲ್ಲಿ ಕಾರಂತರು ಬೆಂಗಳೂರಿಗೆ ಮರಳಿದರು. ಕನ್ನಡದ ಹವ್ಯಾಸಿ ರಂಗಭೂಮಿ ಅಲ್ಲಿಯವರೆಗೆ ಬಹುಮಟ್ಟಿಗೆ ದಿವಾನಖಾನೆಯ ಸೋಫಾ, ಟೀಪಾಯಿ, ಟೆಲಿಫೋನುಗಳ ಸುತ್ತ ನಡೆಯುತ್ತಿತ್ತು. 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಅವರು ಆಡಿಸಿದ ಮೂರು ನಾಟಕಗಳು ಆ ಸೋಫಾವನ್ನು ಎತ್ತಿ ಆಚೆಗಿಟ್ಟವು. ಪಿ. ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಒಂದು ಗ್ರೀಕ್ ದುರಂತ, ಒಂದು ಹನ್ನೆರಡನೆಯ ಶತಮಾನದ ಕಲ್ಯಾಣದ ವಸ್ತು, ಒಂದು ಉತ್ತರ ಕರ್ನಾಟಕದ ಹಳ್ಳಿಯ ಆಚರಣೆಯಿಂದ ಹುಟ್ಟಿದ್ದು. ಪರಸ್ಪರ ಸಂಬಂಧವಿಲ್ಲದಂತೆ ಕಾಣುವ ಈ ಮೂರನ್ನೂ ಆಕಾಶದಡಿಯಲ್ಲಿ ತಂದು ನಿಲ್ಲಿಸುವ ಧೈರ್ಯ, ಬಯಲಾಟವನ್ನೂ ಕಂಪನಿ ನಾಟಕವನ್ನೂ ದೆಹಲಿಯ ಶಾಲೆಯನ್ನೂ ಒಟ್ಟಿಗೆ ಅರಗಿಸಿಕೊಂಡವರಿಗೆ ಮಾತ್ರ ಬಂದೀತು.

ಬೆಂಗಳೂರು ನಗರ ಕಲಾವಿದರು, ಅಂದರೆ ‘ಬೆನಕ’ ತಂಡ ಈ ದಶಕದಲ್ಲಿಯೇ ರೂಪುಗೊಂಡಿತು. ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ಕಾರಂತರು ಪುರಂದರದಾಸರ ಕೀರ್ತನೆಗಳನ್ನು ಹೊಂದಿಸಿದ ರೀತಿಯನ್ನು ನೋಡಿದವರು ಈಗಲೂ ಮೆಲುಕು ಹಾಕುತ್ತಾರೆ. ಮಠದ ಗಾದಿಯ ಜಗಳವನ್ನು ಹೇಳುವ ಕಟು ವ್ಯಂಗ್ಯದ ನಾಟಕದೊಳಗೆ ಭಕ್ತಿಯ ಹಾಡು ಬಂದಾಗ ಹಾಡಿನ ಅರ್ಥವೇ ಬದಲಾಗುತ್ತಿತ್ತು. ರಂಗಸಂಗೀತವೆಂದರೆ ದೃಶ್ಯಗಳ ನಡುವೆ ತುಂಬುವ ಹಾಡಲ್ಲ, ನಾಟಕದ ಒಳಗಿನಿಂದಲೇ ಹೊಮ್ಮುವ ಶಬ್ದ ಎಂಬುದು ಅವರ ನಿಲುವು. ಕೈಗೆ ಸಿಕ್ಕ ಕೋಲು, ಡಬ್ಬ, ಕಲ್ಲುಗಳೂ ಅವರ ಬಳಿ ವಾದ್ಯಗಳಾಗುತ್ತಿದ್ದವು.

ಸಿನಿಮಾಕ್ಕೂ ಅವರು ಇದೇ ಕಾಲದಲ್ಲಿ ಬಂದರು. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನಾಧರಿಸಿದ ‘ವಂಶವೃಕ್ಷ’ವನ್ನು ಗಿರೀಶ ಕಾರ್ನಾಡರ ಜೊತೆಗೂಡಿ ನಿರ್ದೇಶಿಸಿದರು, ಇಬ್ಬರಿಗೂ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ಶಿವರಾಮ ಕಾರಂತರ ‘ಚೋಮನ ದುಡಿ’ 1975ರಲ್ಲಿ ಇವರ ಸ್ವತಂತ್ರ ನಿರ್ದೇಶನದಲ್ಲಿ ಚಿತ್ರವಾಗಿ ಸ್ವರ್ಣಕಮಲವನ್ನು ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆ ಚಿತ್ರದಲ್ಲಿ ದುಡಿಯ ಬಡಿತವೇ ಒಂದು ಪಾತ್ರ. ಮಾತು ಬಾರದೆಡೆ ಚೋಮ ದುಡಿ ಬಡಿಯುತ್ತಾನೆ. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿಯೂ ಕಾರಂತರಿಗೆ ರಾಷ್ಟ್ರಪ್ರಶಸ್ತಿಗಳು ಸಂದವು.

‘ಘಟಶ್ರಾದ್ಧ’ದ ಹೆಸರು ಬಂದಾಗ ನಮ್ಮ ಊರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳದಿರಲಾಗದು. ಅದರ ನಿರ್ದೇಶಕರಾದ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಬಿ.ಫಾರ್ಮಾ ಓದಿದವರು. ಔಷಧ ಕ್ಷೇತ್ರದ ತರಬೇತಿಗೆಂದು ಅವರು ಬಂದದ್ದು ನಮ್ಮ ಹೈದರಾಬಾದಿಗೆ. ಇಲ್ಲಿದ್ದಾಗಲೇ ಆ ವೃತ್ತಿಯನ್ನು ಬಿಡಲು ನಿಶ್ಚಯಿಸಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ‘ಚೋಮನ ದುಡಿ’ಯಲ್ಲಿ ಅವರು ಕಾರಂತರ ಸಹಾಯಕ ನಿರ್ದೇಶಕರಾಗಿದ್ದರು. ಎರಡು ವರ್ಷಗಳ ಬಳಿಕ ಅವರದೇ ಮೊದಲ ಚಿತ್ರಕ್ಕೆ ಕಾರಂತರು ಸಂಗೀತ ನೀಡಿದರು. ಆ ಚಿತ್ರಕ್ಕೂ ಸ್ವರ್ಣಕಮಲ ಬಂತು. ಕಂಪನಿಯಲ್ಲಿ ಕಲಿತವರು ಮತ್ತು ಸಿನಿಮಾ ಶಾಲೆಯಲ್ಲಿ ಕಲಿತವರು ಒಂದೇ ಕೆಲಸದಲ್ಲಿ ಹೀಗೆ ಜೊತೆಯಾದರು. ಔಷಧ ಕಂಪನಿಗಳ ನಗರವಾದ ಹೈದರಾಬಾದಿನಲ್ಲಿ ಅಂದು ಆ ಯುವಕನ ಮನೆಯವರಿಗೆ ಸಲಹೆ ಕೊಡಲು ನಾನಿದ್ದಿದ್ದರೆ ಏನು ಹೇಳುತ್ತಿದ್ದೆನೋ!

1977ರಲ್ಲಿ ಕಾರಂತರು ತಾವು ಓದಿದ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು. ಅವರ ಮುಂಚೆ ಹದಿನೈದು ವರ್ಷ ಆ ಪೀಠದಲ್ಲಿದ್ದವರು ಇಬ್ರಾಹಿಂ ಅಲ್ಕಾಜಿ. ಲಂಡನ್ನಿನ ಪ್ರಸಿದ್ಧ ನಾಟಕ ಅಕಾಡೆಮಿಯಲ್ಲಿ ಕಲಿತು ಬಂದ ಅಲ್ಕಾಜಿಯವರು ಶಾಲೆಗೆ ಶಿಸ್ತನ್ನು, ಅಚ್ಚುಕಟ್ಟನ್ನು, ಆಧುನಿಕ ರಂಗಸಜ್ಜಿಕೆಯ ಜ್ಞಾನವನ್ನು ತಂದಿದ್ದರು. ಕಾರಂತರು ತಂದದ್ದು ಬೇರೆಯದು. ದೆಹಲಿಯಲ್ಲಿ ಕುಳಿತು ದೇಶದ ರಂಗಭೂಮಿಯನ್ನು ಕಲಿಯಲಾಗದೆಂದು ನಂಬಿದ್ದ ಅವರು ಶಾಲೆಯನ್ನೇ ಊರೂರಿಗೆ ಒಯ್ದರು. ಮದುರೈಯಂತಹ ದೂರದ ಊರುಗಳಲ್ಲಿಯೂ ಕಾರ್ಯಾಗಾರಗಳು ನಡೆದವು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ, ‘ಬರ್ನಮ್ ವನ’ ಎಂಬ ಹೆಸರಿನಿಂದ, ಯಕ್ಷಗಾನದ ಹೆಜ್ಜೆಗಳಲ್ಲಿ ಅವರು ಆಡಿಸಿದ್ದು 1979ರಲ್ಲಿ. ಮಂಚಿ ಗ್ರಾಮದಲ್ಲಿ ನಿದ್ದೆಗಣ್ಣಿನಿಂದ ನೋಡಿದ ರಾಜವೇಷ ದೆಹಲಿಯ ರಂಗದಲ್ಲಿ ಸ್ಕಾಟ್ಲೆಂಡಿನ ರಾಜನಾಗಿ ಕುಣಿಯಿತು.

ಎರಡು ಬಗೆಯ ಶಿಕ್ಷಣದಲ್ಲಿ ಯಾವುದು ಮೇಲು ಎಂಬ ಚರ್ಚೆ ರಂಗವಲಯದಲ್ಲಿ ಆಗಲೂ ಇತ್ತು, ಈಗಲೂ ಇದೆ. ನನಗೆ ಅನಿಸುವುದಿಷ್ಟೇ: ಅಲ್ಕಾಜಿಯವರ ಅಚ್ಚುಕಟ್ಟು ಇಲ್ಲದಿದ್ದರೆ ಕಾರಂತರ ಸ್ವಚ್ಛಂದಕ್ಕೆ ನಿಲ್ಲಲು ನೆಲವಿರುತ್ತಿರಲಿಲ್ಲ. ಆಡಳಿತ ಕಾರಂತರ ಸ್ವಭಾವಕ್ಕೆ ಒಗ್ಗುವ ಕೆಲಸವೂ ಆಗಿರಲಿಲ್ಲ. ನಾಲ್ಕು ವರ್ಷಗಳಲ್ಲಿ, 1981ರಲ್ಲಿ ಅವರು ದೆಹಲಿಯನ್ನು ಬಿಟ್ಟರು. ಅದೇ ವರ್ಷ ಪದ್ಮಶ್ರೀ ಬಂತು.

ಭೋಪಾಲದಲ್ಲಿ ಭಾರತ ಭವನದ ರಂಗಮಂಡಲವನ್ನು ಕಟ್ಟುವ ಹೊಣೆಯನ್ನು ಹೊತ್ತ ಕಾರಂತರು ಅಲ್ಲಿ ಬುಂದೇಲಿ, ಮಾಳವಿ, ಛತ್ತೀಸಗಢಿ ನುಡಿಗಳನ್ನು ರಂಗಕ್ಕೆ ತಂದರು. 1986ರಲ್ಲಿ ಅವರ ಬಾಳಿನ ಕಹಿ ಅಧ್ಯಾಯವೊಂದು ನಡೆಯಿತು. ತಂಡದ ನಟಿಯೊಬ್ಬರು ಬೆಂಕಿಯಿಂದ ತೀವ್ರವಾಗಿ ಗಾಯಗೊಂಡ ಪ್ರಕರಣದಲ್ಲಿ ಕಾರಂತರು ಬಂಧನಕ್ಕೊಳಗಾದರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಭೋಪಾಲದ ಕೆಲಸ ಅಲ್ಲಿಗೆ ನಿಂತಿತು. ಹಿರಿಯರ ಜೀವನವನ್ನು ಬರೆಯುವಾಗ ಇಂತಹದನ್ನು ಬಿಟ್ಟುಬಿಡುವುದು ನಮ್ಮಲ್ಲಿ ವಾಡಿಕೆ. ಆದರೆ ಗಾಯಗೊಂಡವರ ನೋವನ್ನೂ, ಈ ವೃತ್ತಿಯ ಬಾಳು ಎಷ್ಟು ಸುಡಬಲ್ಲುದೆಂಬುದನ್ನೂ ಮರೆಮಾಚಿ ಬರೆದರೆ, ಮಗಳನ್ನು ಈ ಹಾದಿಗೆ ಕಳುಹಿಸಲು ಅಂಜುವ ತಂದೆ ತಾಯಿಯರಿಗೆ ಮೋಸ ಮಾಡಿದಂತಾಗುತ್ತದೆ.

ಕರ್ನಾಟಕ ಅವರನ್ನು ಮರಳಿ ಕರೆಯಿತು. 1989ರಲ್ಲಿ ರಾಜ್ಯ ಸರ್ಕಾರ ಮೈಸೂರಿನ ಕಲಾಮಂದಿರದ ಆವರಣದಲ್ಲಿ ‘ರಂಗಾಯಣ’ವನ್ನು ಸ್ಥಾಪಿಸಿದಾಗ ಕಾರಂತರು ಅದರ ಮೊದಲ ನಿರ್ದೇಶಕರಾದರು. ನಾಡಿನ ಬೇರೆ ಬೇರೆ ಜಿಲ್ಲೆಗಳಿಂದ ಯುವಕ ಯುವತಿಯರನ್ನು ಆರಿಸಿ ತಂದು, ವರ್ಷಗಟ್ಟಲೆ ಒಂದೆಡೆ ಇಟ್ಟು, ಹಾಡು, ಕುಣಿತ, ಮಾತು, ಮರಗೆಲಸ ಎಲ್ಲವನ್ನೂ ಕಲಿಸಿದರು. ಗುಬ್ಬಿ ಕಂಪನಿಯ ದಿನಚರಿ ಸರ್ಕಾರಿ ಸಂಸ್ಥೆಯ ರೂಪದಲ್ಲಿ ಮತ್ತೆ ಹುಟ್ಟಿದಂತಿತ್ತು. ಬ್ಯಾಂಕಿನವನಾದ ನನ್ನ ಕಣ್ಣಿಗೆ ಬೀಳುವ ವ್ಯತ್ಯಾಸ ಒಂದೇ: ಕನ್ನಡದ ನಟನಟಿಯರು ತಿಂಗಳ ಕೊನೆಗೆ ಸರ್ಕಾರದಿಂದ ಹಣ ಪಡೆದು, ಮಾಡುವ ಕೆಲಸ ನಾಟಕವೆಂದು ಯಾವ ಫಾರಂನಲ್ಲಿಯಾದರೂ ಬರೆಯುವಂತಾಯಿತು. ಅಲ್ಲಿಂದ ಹೊರಬಂದ ಮಂಡ್ಯ ರಮೇಶ್ ಅವರಂತಹವರು ಮುಂದೆ ತಮ್ಮದೇ ರಂಗಶಾಲೆಯನ್ನು ನಡೆಸಿದರು. ಅತ್ತ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿಯೇ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿದ್ದರು. ಆ ಊರಿನೊಡನೆಯೂ ಕಾರಂತರದು ಹಳೆಯ ಒಡನಾಟ.

ಒಟ್ಟು ನೂರಕ್ಕೂ ಹೆಚ್ಚು ನಾಟಕಗಳನ್ನು ಅವರು ನಿರ್ದೇಶಿಸಿದರು. ಅರ್ಧದಷ್ಟು ಕನ್ನಡದವು, ಸುಮಾರು ನಲವತ್ತು ಹಿಂದಿಯವು. ನಮ್ಮ ನೆರೆಯ ತೆಲುಗಿನಲ್ಲಿಯೂ ಅವರು ಆಡಿಸಿದ್ದುಂಟು. ಪತ್ನಿ ಪ್ರೇಮಾ ಕಾರಂತರು ‘ಫಣಿಯಮ್ಮ’ ಚಿತ್ರದ ನಿರ್ದೇಶಕಿಯಾಗಿ ತಮ್ಮದೇ ಹೆಸರನ್ನು ಗಳಿಸಿದರು. ಅವರೂ ನಾಟಕ ಶಾಲೆಯಲ್ಲಿ ಕಲಿತವರು. ಕಾರಂತರಿಗೆ ಮಾತ್ರ ನಿಂತ ನೆಲ ಎಂಬುದು ಇರಲಿಲ್ಲ. ಅವರು ಹೇಳಿ, ವೈದೇಹಿಯವರು ಬರೆದ ಆತ್ಮಕಥೆಯ ಹೆಸರೇ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಆ ಪುಸ್ತಕ ಅಚ್ಚಾಗಿ ಬರುವ ಮೊದಲೇ, 2002ರ ಸೆಪ್ಟೆಂಬರ್ 1ರಂದು, ಬೆಂಗಳೂರಿನಲ್ಲಿ ಅವರು ತೀರಿಕೊಂಡರು.

ಇಷ್ಟನ್ನು ಕೇಳಿದ ನನ್ನ ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ. ಗುಬ್ಬಿ ವೀರಣ್ಣನವರು ಬನಾರಸಿಗೆ ಕಳುಹಿಸಿದ ಭಾಗವನ್ನು ಮಾತ್ರ ಮತ್ತೊಮ್ಮೆ ಕೇಳಿದರು. ಆಮೇಲೆ ಬರೋಡಾದ ವಿಶ್ವವಿದ್ಯಾಲಯದ ಅರ್ಜಿಯನ್ನು ಎಲ್ಲಿ ತುಂಬಬೇಕೆಂದು ವಿಚಾರಿಸಿದರು. ಎಂಜಿನಿಯರಿಂಗ್ ಪರೀಕ್ಷೆಯನ್ನೂ ಹುಡುಗಿ ಬರೆಯಬೇಕೆಂಬುದು ತಾಯಿಯವರ ಷರತ್ತು, ಅವಳು ಒಪ್ಪಿದ್ದಾಳೆ. ಎರಡು ಅರ್ಜಿಗಳೂ ಈಗ ಅವರ ಮನೆಯ ಮೇಜಿನ ಮೇಲೆ ಪಕ್ಕಪಕ್ಕದಲ್ಲಿವೆ.